ಗ್ರಂಥಿರಸದ ಒತ್ತಡವೂ ವೈರಾಣುವಿನ ಭೀತಿಯೂ

2025ರ ಜುಲೈ ತಿಂಗಳಲ್ಲಿ ಅಮೇರಿಕದ ಎಂಡೊಕ್ರೈನ್ ಸೊಸೈಟಿಯೆಂಬ ವೈದ್ಯಸಂಸ್ಥೆಯು ಒಂದು ಹೊಸ ಸೂಚನೆಯನ್ನು ಹೊರಡಿಸಿತು. ರಕ್ತದೊತ್ತಡದ ರೋಗವಿರುವ ಎಲ್ಲರಿಗೂ ಆಲ್ಡೊಸ್ಟೆರೋನ್ ಎಂಬ ಗ್ರಂಥಿರಸದ ರಕ್ತಪರೀಕ್ಷೆಯಾಗುವುದು ಒಳಿತೆಂಬುದೇ ಅದರ ತಿರುಳು. ಅದಕ್ಕೆ ಒಂದು ವರ್ಷ ಮೊದಲು, 2024ರಲ್ಲಿ, ಯುರೋಪಿನ ಹೃದ್ರೋಗತಜ್ಞರ ಸಂಘವೂ ಹೆಚ್ಚುಕಡಿಮೆ ಇದೇ ಅಭಿಪ್ರಾಯಕ್ಕೆ ಬಂದಿತ್ತು. ಅದುವರೆಗೆ ಈ ಪರೀಕ್ಷೆಯು ಬಹುಮಟ್ಟಿಗೆ ಮೂರು ಬಗೆಯ ಮಾತ್ರೆಗಳಿಗೂ ಒತ್ತಡ ಬಗ್ಗದ ರೋಗಿಗಳು ಮತ್ತು ಅಂಥ ಕೆಲವರಿಗೆ ಮಾತ್ರ ಮೀಸಲಾಗಿತ್ತು. ಷೇರುಪೇಟೆಯ ಏರಿಳಿತಕ್ಕೂ ಕ್ರಿಕೆಟ್ ಆಟಗಾರರ ಹರಾಜಿಗೂ ಪುಟಗಟ್ಟಲೆ ಸ್ಥಳವೀಯುವ ದೊಡ್ಡ ಪತ್ರಿಕೆಗಳಲ್ಲಿ ಇಂಥ ಸುದ್ದಿಗೆ ಮೂಲೆಯೇ ಗತಿ. ಆದರೆ ವಿಲೆ ಪಾರ್ಲೆಯ ಸ್ಟೇಶನ್ ಬಳಿಯ ಹೋಟೆಲಿನಲ್ಲಿ ಬೆಳಗಿನ ನಾಲ್ಕು ಗಂಟೆಗೆ ಇಡ್ಲಿಯ ಅಟ್ಟ ಹತ್ತಿಸುವವನಿಗೂ, ಅಂಧೇರಿಯ ಕಚೇರಿಯಲ್ಲಿ ದಿನವಿಡೀ ಕುರ್ಚಿಗೆ ಅಂಟಿ ಲೆಕ್ಕ ನೋಡುವ ಗುಮಾಸ್ತನಿಗೂ ಇದು ಸಂಬಂಧಿಸಿದ ವಿಷಯವೆಂದು ನಮಗೆ ತೋರುತ್ತದೆ. ಅದನ್ನೇ ಇಂದು ಸ್ವಲ್ಪ ವಿಸ್ತಾರವಾಗಿ ವಿವೇಚಿಸುವೆವು.

ಮುಂಬಯಿ ಮಹಾನಗರಪಾಲಿಕೆಯು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 2021ರಲ್ಲಿ ಒಂದು ಸಮೀಕ್ಷೆಯನ್ನು ನಡೆಸಿತು. ನಗರದ ವಯಸ್ಕರಲ್ಲಿ ಶೇಕಡ 34 ಮಂದಿಗೆ ರಕ್ತದೊತ್ತಡವಿದೆಯೆಂದು ಅದರಲ್ಲಿ ಕಂಡುಬಂತು. ಮೂವರಲ್ಲಿ ಒಬ್ಬರು! ನಮ್ಮ ಹುಡುಗರ ವಯಸ್ಸು ಕಡಿಮೆಯೆಂದು ಎಷ್ಟು ರಿಯಾಯಿತಿ ಕೊಟ್ಟರೂ, ಹನ್ನೆರಡು ಮಂದಿ ಕೆಲಸ ಮಾಡುವ ಹೋಟೆಲಿನಲ್ಲಿ ಇಬ್ಬರಾದರೂ ಈ ಲೆಕ್ಕಕ್ಕೆ ಸೇರುವರು. ಅವರಿಗೆ ಅದು ತಿಳಿದಿರುವುದಿಲ್ಲ. ಏಕೆಂದರೆ ಈ ರೋಗಕ್ಕೆ ನೋವಿಲ್ಲ, ಜ್ವರವಿಲ್ಲ, ಗಾಯವಿಲ್ಲ. ತಲೆ ತಿರುಗಿದಂತಾದರೆ ಪಿತ್ತವೆಂದು ನಿಂಬೆರಸ ಕುಡಿಯುವ ಜನ ನಾವು. ಕೊನೆಗೊಂದು ದಿನ ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋದಾಗಲೇ ಆಸ್ಪತ್ರೆಯ ಹಾದಿ ಕಾಣುವುದು. ಹಾಗಾದ ಮೇಲೆ ಊರಿನಲ್ಲಿರುವ ತಂದೆತಾಯಿ, ಹೆಂಡಿರುಮಕ್ಕಳ ಪಾಡು ಏನಾಗುವುದೆಂಬುದನ್ನು ವಾಚಕರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಗ್ರಂಥಿರಸಕ್ಕೂ ಒತ್ತಡಕ್ಕೂ ಏನು ನಂಟು ಎಂಬುದನ್ನು ನೋಡುವ. ನಾವು ವೈದ್ಯಶಾಸ್ತ್ರವನ್ನು ಓದಿದವರಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ವರ್ಷಗಳನ್ನು ಕಳೆದವರು. ಆದುದರಿಂದ ಹೋಟೆಲಿನ ಮಾತಿನಲ್ಲೇ ಹೇಳುವೆವು. ಕಟ್ಟಡದ ಮಾಳಿಗೆಯ ಮೇಲೊಂದು ನೀರಿನ ಟಾಂಕಿಯಿದೆ. ನೀರು ಇಳಿದಾಗ ಕಾವಲುಗಾರ ಕೂಗಿ ಹೇಳುತ್ತಾನೆ; ಕೆಳಗಿನವನು ಪಂಪು ಹಾಕುತ್ತಾನೆ; ಟಾಂಕಿ ತುಂಬಿದೊಡನೆ ಕಾವಲುಗಾರ ಸುಮ್ಮನಾಗುತ್ತಾನೆ, ಪಂಪು ನಿಲ್ಲುತ್ತದೆ. ನಮ್ಮ ದೇಹದಲ್ಲಿ ಆ ಕಾವಲುಗಾರನ ಕೆಲಸ ಮೂತ್ರಪಿಂಡದ್ದು. ರಕ್ತದ ಒತ್ತಡ ಇಳಿಯಿತೆಂದು ಕಂಡಾಗ ಅದು ರೆನಿನ್ ಎಂಬ ರಸವನ್ನು ಬಿಡುತ್ತದೆ. ರೆನಿನ್ನಿನ ಪ್ರೇರಣೆಯಿಂದ ಆಂಜಿಯೊಟೆನ್ಸಿನ್ ಎಂಬ ಇನ್ನೊಂದು ವಸ್ತು ಹುಟ್ಟಿ, ಎರಡು ಹಂತಗಳಲ್ಲಿ ಬಲವನ್ನು ಪಡೆದು, ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಅಷ್ಟೇ ಅಲ್ಲದೆ, ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗೆ ಆಲ್ಡೊಸ್ಟೆರೋನನ್ನು ಸುರಿಸುವಂತೆ ಆಜ್ಞೆ ಮಾಡುತ್ತದೆ. ಈ ಆಲ್ಡೊಸ್ಟೆರೋನು ಉಪ್ಪನ್ನು ಮೂತ್ರದಲ್ಲಿ ಹೋಗಗೊಡದೆ ಹಿಡಿದಿಡುತ್ತದೆ, ಉಪ್ಪಿನ ಬೆನ್ನು ಹತ್ತಿ ನೀರೂ ದೇಹದಲ್ಲಿ ನಿಲ್ಲುತ್ತದೆ, ಒತ್ತಡ ಏರುತ್ತದೆ. ಆಗ ಮೂತ್ರಪಿಂಡ ತನ್ನ ಕೂಗನ್ನು ನಿಲ್ಲಿಸುತ್ತದೆ.

ಇದು ಆರೋಗ್ಯವಂತನ ದೇಹದ ಕ್ರಮ. ಕೆಲವರಲ್ಲಿ ಮಾತ್ರ ಯಾರೂ ಕೂಗದಿದ್ದರೂ ಪಂಪು ತಾನಾಗಿ ಓಡುತ್ತಲೇ ಇರುತ್ತದೆ. ಅಡ್ರಿನಲ್ ಗ್ರಂಥಿಯಲ್ಲಿ ಒಂದು ಸಣ್ಣ ಗಂಟು ಎದ್ದೋ, ಎರಡು ಗ್ರಂಥಿಗಳೂ ಮಿತಿಮೀರಿ ದುಡಿದೋ ಆಲ್ಡೊಸ್ಟೆರೋನು ಅನವಶ್ಯಕವಾಗಿ ಸುರಿಯುತ್ತದೆ. ಅಂಥವರ ರಕ್ತವನ್ನು ತೆಗೆದು ನೋಡಿದರೆ ರೆನಿನ್ ತಳ ಹಿಡಿದಿರುತ್ತದೆ, ಆಲ್ಡೊಸ್ಟೆರೋನು ಮೇಲೆ ನಿಂತಿರುತ್ತದೆ. ಎರಡರ ಪ್ರಮಾಣವನ್ನು ಹೋಲಿಸಿ ನೋಡುವುದೇ ಮೇಲೆ ಹೇಳಿದ ಪರೀಕ್ಷೆ. ಖಾತೆಯ ಎರಡು ಪಕ್ಕಗಳು ತಾಳೆಯಾಗುವುದಿಲ್ಲವೆಂಬುದನ್ನು ಹಿಡಿಯುವ ಗುಮಾಸ್ತರಿಗೆ ಇದರ ತರ್ಕ ಕ್ಷಣದಲ್ಲಿ ಹೊಳೆದೀತು.

ಇದನ್ನು ಕಂಡುಹಿಡಿದವರು ಅಮೇರಿಕದ ಮಿಚಿಗನ್ ವಿಶ್ವವಿದ್ಯಾಲಯದ ಡಾ. ಜೆರೋಮ್ ಕಾನ್. ಅವರ ಕಥೆಯಲ್ಲಿ ಅಡಿಗೆಯವರಿಗೆ ಸ್ವಾರಸ್ಯವೆನಿಸುವ ಒಂದು ಅಂಶವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಷ್ಣಪ್ರದೇಶಗಳ ಧಗೆಯಲ್ಲಿ ಹೋರಾಡಬೇಕಾದ ಸೈನಿಕರ ದೇಹವು ಸೆಖೆಗೆ ಹೇಗೆ ಒಗ್ಗಿಕೊಳ್ಳುತ್ತದೆಂಬುದನ್ನು ಅವರು ಪರೀಕ್ಷಿಸುತ್ತಿದ್ದರು. ಬಿಸಿಲಿಗೂ ಆವಿಗೂ ಒಡ್ಡಿದ ಮನುಷ್ಯನು ಮೊದಲ ದಿನಗಳಲ್ಲಿ ಬೆವರಿನೊಡನೆ ಬಹಳ ಉಪ್ಪನ್ನು ಕಳೆದುಕೊಳ್ಳುತ್ತಾನೆ. ಕೆಲವೇ ದಿನಗಳೊಳಗಾಗಿ ಅವನ ಬೆವರಿನಲ್ಲಿಯೂ ಮೂತ್ರದಲ್ಲಿಯೂ ಉಪ್ಪು ತೀರ ಕಡಿಮೆಯಾಗುತ್ತದೆ. ಅಂದರೆ ದೇಹವೇ ಉಪ್ಪನ್ನು ಉಳಿಸಿಕೊಳ್ಳಲು ಕಲಿಯುತ್ತದೆ. ಇದು ಅಡ್ರಿನಲ್ ಗ್ರಂಥಿಯ ಕೆಲಸವೆಂದು ಕಾನ್ ಊಹಿಸಿದರು. 1953ರಲ್ಲಿ ಲಂಡನ್ನಿನ ಸಿಂಪ್ಸನ್ ಮತ್ತು ಟೇಟ್ ದಂಪತಿಗಳು ಹಾಗೂ ಬಾಸೆಲ್ಲಿನ ರೈಕ್‌ಸ್ಟೈನ್ ಅವರ ತಂಡ ಆಲ್ಡೊಸ್ಟೆರೋನನ್ನು ಬೇರ್ಪಡಿಸಿ ತೋರಿಸಿದರು. ಮರುವರ್ಷವೇ, 1954ರಲ್ಲಿ, ಅಧಿಕ ರಕ್ತದೊತ್ತಡದಿಂದಲೂ ಸ್ನಾಯುಗಳ ಸೆಳೆತದಿಂದಲೂ ನರಳುತ್ತಿದ್ದ 34 ವರ್ಷದ ಓರ್ವ ಮಹಿಳೆ ಕಾನ್ ಅವರ ಬಳಿಗೆ ಬಂದಳು. ಅವಳ ರೋಗದ ಮೂಲ ಈ ರಸದ ಅತಿರೇಕವೇ ಎಂದು ಅವರು ನಿರ್ಧರಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಶಸ್ತ್ರಕ್ರಿಯೆಯಾಯಿತು; ಗ್ರಂಥಿಯಲ್ಲಿ ಗಂಟು ಸಿಕ್ಕಿತು; ಅದನ್ನು ತೆಗೆದ ಮೇಲೆ ಆಕೆ ಗುಣಮುಖಳಾದಳು.

ಇಲ್ಲಿ ಭಟ್ಟಿಯ ಮುಂದೆ ನಿಲ್ಲುವವರಿಗೆ ಒಂದು ಮಾತು. “ನಾವು ಬೆವರು ಸುರಿಸುವವರು, ನಮಗೆ ಉಪ್ಪು ಹೆಚ್ಚು ಬೇಕು” ಎಂದು ಅನ್ನಕ್ಕೆ ಮೇಲುಪ್ಪು, ಜೊತೆಗೆ ಉಪ್ಪಿನಕಾಯಿ, ಅದರ ಮೇಲೆ ಹಪ್ಪಳ ಹಾಕಿಕೊಳ್ಳುವುದು ನಮ್ಮಲ್ಲಿ ರೂಢಿ. ವರ್ಷಗಟ್ಟಲೆ ಭಟ್ಟಿಯ ಸೆಖೆಗೆ ಒಗ್ಗಿಹೋದ ದೇಹಕ್ಕೆ ಅಷ್ಟು ಉಪ್ಪು ಬೇಡವೆಂಬುದು ಕಾನ್ ಅವರ ಪರೀಕ್ಷೆಗಳಿಂದಲೇ ಊಹಿಸಬಹುದಾದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎಂದು ಮಿತಿ ಹಾಕಿದೆ. ಅದು ಒಂದು ಸಣ್ಣ ಚಮಚೆಯಷ್ಟು. ಸಾಂಬಾರು, ಚಟ್ನಿ, ಪಾವು, ಫರಸಾಣುಗಳಲ್ಲೇ ಆ ಲೆಕ್ಕ ಮಧ್ಯಾಹ್ನದೊಳಗೆ ತೀರಿಹೋಗುತ್ತದೆ. ಸಿಹಿ ಬಿಸ್ಕತ್ತಿನಲ್ಲೂ ಉಪ್ಪಿರುತ್ತದೆಂದರೆ, 2016ರಲ್ಲಿ ಕಾರ್ಖಾನೆ ಮುಚ್ಚುವ ತನಕ ಬಿಸ್ಕತ್ತಿನ ಪರಿಮಳದಲ್ಲೇ ರೈಲಿಗೆ ಕಾದ ಪಾರ್ಲೆಯ ಜನ ನಗಬಹುದು. ಆದರೂ ಅದು ನಿಜ.

ಕಾನ್ ಅವರು ಹೇಳಿದ ರೋಗವು ಬಹು ಅಪರೂಪವೆಂದು ದಶಕಗಳ ಕಾಲ ವೈದ್ಯಲೋಕ ನಂಬಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದವರಲ್ಲಿ ಮಾತ್ರ ಅದನ್ನು ಹುಡುಕುತ್ತಿದ್ದರು. ಹುಡುಕುವ ಕ್ರಮ ಸುಧಾರಿಸಿದ ಮೇಲೆ ಬೇರೆಯೇ ಚಿತ್ರ ಕಂಡಿತು. ಒತ್ತಡವಿರುವ ಸಾಮಾನ್ಯ ರೋಗಿಗಳಲ್ಲಿ ಶೇಕಡ 5ರಿಂದ 10ರಷ್ಟು ಮಂದಿಗೂ, ಹಲವು ಮಾತ್ರೆಗಳಿಗೂ ಬಗ್ಗದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೂ ಮೂಲವು ಇದೇ ಎಂದು ಈಗ ಲೆಕ್ಕ ಹಾಕಿದ್ದಾರೆ. ಅವರಲ್ಲಿ ಬಹಳ ಮಂದಿಯ ಪೊಟ್ಯಾಸಿಯಂ ಸರಿಯಾಗಿಯೇ ಇರುತ್ತದೆ. ಅದೇ ಪ್ರಮಾಣದ ಸಾಮಾನ್ಯ ಒತ್ತಡಕ್ಕಿಂತ ಈ ಬಗೆಯದು ಹೃದಯಕ್ಕೂ ಮಿದುಳಿಗೂ ಹೆಚ್ಚಿನ ಹಾನಿ ಮಾಡುತ್ತದೆಂಬುದು ಚಿಂತೆಯ ವಿಷಯ. ಸಮಾಧಾನವೂ ಇಲ್ಲದಿಲ್ಲ. ಒಂದೇ ಪಕ್ಕದ ಗಂಟಾದರೆ ಶಸ್ತ್ರಕ್ರಿಯೆ ಉಂಟು; ಎರಡೂ ಪಕ್ಕದ ದೋಷವಾದರೆ ಸ್ಪೈರೊನೊಲ್ಯಾಕ್ಟೋನ್ ಎಂಬ ಹಳೆಯ, ಅಗ್ಗದ ಮಾತ್ರೆಯಿದೆ. ಬಗ್ಗದ ಒತ್ತಡಕ್ಕೆ ನಾಲ್ಕನೆಯ ಮಾತ್ರೆಯಾಗಿ ಕೊಡಲು ಹೋಲಿಸಿ ನೋಡಿದ ಔಷಧಗಳಲ್ಲಿ ಇದೇ ಮೇಲೆಂದು ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯೊಂದು 2015ರಲ್ಲಿ ತೋರಿಸಿಕೊಟ್ಟಿತು.

ರಕ್ತದೊತ್ತಡದ ಔಷಧದ ಇತಿಹಾಸದಲ್ಲಿ ನಮ್ಮ ಮುಂಬಯಿಗೂ ಒಂದು ಗೌರವದ ಸ್ಥಾನವಿದೆ. ಪಶ್ಚಿಮಘಟ್ಟದ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧಿಯ ಬೇರನ್ನು ಉನ್ಮಾದಕ್ಕೂ ನಿದ್ರಾಹೀನತೆಗೂ ನಾಡವೈದ್ಯರು ಹಿಂದಿನಿಂದ ಕೊಡುತ್ತಿದ್ದರು. ಅದು ಒತ್ತಡವನ್ನೂ ಇಳಿಸುತ್ತದೆಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. ಆದರೆ ಹೊರಗಿನ ಜಗತ್ತು ಕಿವಿಗೊಡಲಿಲ್ಲ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಹೃದ್ರೋಗತಜ್ಞ ಡಾ. ರುಸ್ತುಂ ಜಾಲ್ ವಕೀಲರು ರೋಗಿಗಳಿಗೆ ಬೇರನ್ನು ಕೊಟ್ಟು, ಮೊದಲೂ ಆಮೇಲೂ ಒತ್ತಡವನ್ನು ಅಳೆದು, ಬರೆದಿಟ್ಟು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ಲಿನಲ್ಲಿ ಪ್ರಕಟಿಸಿದ ಮೇಲೆಯೇ ಪಾಶ್ಚಾತ್ಯರ ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪೆನಿಯ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ತೆಗೆದರು. ನರಗಳ ತುದಿಯಲ್ಲೂ ಅಡ್ರಿನಲ್ ಗ್ರಂಥಿಯ ಒಳತಿರುಳಿನಲ್ಲೂ ಕೂಡಿಟ್ಟ ಉದ್ರೇಕಕಾರಿ ರಸಗಳನ್ನು ಬರಿದುಮಾಡಿ ಅದು ಒತ್ತಡವನ್ನು ತಗ್ಗಿಸುತ್ತದೆ. ವಕೀಲರಿಗೆ 1957ರಲ್ಲಿ ಅಮೇರಿಕದ ಲಾಸ್ಕರ್ ಪ್ರಶಸ್ತಿ ಬಂತು. ಮನಸ್ಸಿಗೆ ಖಿನ್ನತೆ ತರುವ ದೋಷ ಕಂಡುಬಂದುದರಿಂದ ರೆಸರ್ಪಿನ್ ಆಮೇಲೆ ಹಿಂದೆ ಸರಿಯಿತು. ಆದರೂ ಬೇರು ಅದೇ, ರೋಗ ಅದೇ ಆಗಿರುತ್ತ, ಅಳೆದು ಬರೆದ ಲೆಕ್ಕವೊಂದರಿಂದಲೇ ಜಗತ್ತು ನಂಬಿತೆಂಬುದನ್ನು ನಾವು ನೆನಪಿನಲ್ಲಿಡಬೇಕು. ಮುಂದೆ ಹೇಳುವ ವಿಷಯಕ್ಕೆ ಅದು ಬೇಕಾಗುತ್ತದೆ.

ಸರ್ಪಗಂಧಿಯಲ್ಲಿ ಸರ್ಪವಿರುವುದು ಹೆಸರಿನಲ್ಲಿ ಮಾತ್ರ. ಅದರ ನಂತರ ಬಂದ ಔಷಧವಾದರೋ ನಿಜವಾಗಿಯೂ ಸರ್ಪದಿಂದಲೇ ಬಂದುದು. ಬ್ರೆಜಿಲ್ ದೇಶದ ಜರರಾಕ ಎಂಬ ವಿಷದ ಹಾವು ಕಚ್ಚಿದವರ ಒತ್ತಡ ಕುಸಿದುಬೀಳುವುದನ್ನು ಕಂಡ ಅಲ್ಲಿನ ವಿಜ್ಞಾನಿ ಸೆರ್ಜಿಯೊ ಫೆರೇರಾ ಅವರು 1960ರ ದಶಕದಲ್ಲಿ ಆ ವಿಷದ ಗುಟ್ಟನ್ನು ಬೆನ್ನಟ್ಟಿದರು. ಆಂಜಿಯೊಟೆನ್ಸಿನ್ನಿಗೆ ಬಲ ಕೊಡುವ ಎ.ಸಿ.ಇ. ಎಂಬ ಕಿಣ್ವವನ್ನು ಆ ವಿಷವು ತಡೆಯುತ್ತದೆಂದು ತಿಳಿಯಿತು. ಅದೇ ಮಾದರಿಯಲ್ಲಿ ಅಮೇರಿಕದ ಸ್ಕ್ವಿಬ್ ಕಂಪೆನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ಮಾತ್ರೆಯನ್ನು ರಚಿಸಿದರು. 1981ರಲ್ಲಿ ಅದಕ್ಕೆ ಅಮೇರಿಕ ಸರಕಾರದ ಒಪ್ಪಿಗೆ ದೊರೆಯಿತು. ವಾಚಕರು ತಮ್ಮ ಮಾತ್ರೆಯ ಪಟ್ಟಿಯನ್ನು ತಿರುವಿ ನೋಡಲಿ: ರಾಮಿಪ್ರಿಲ್, ಎನಲಾಪ್ರಿಲ್ ಎಂದು ‘ಪ್ರಿಲ್’ನಿಂದ ಕೊನೆಗೊಂಡರೆ ಅದು ಈ ಹಾವಿನ ವಂಶದ್ದು. ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ಎಂದು ‘ಸಾರ್ಟಾನ್’ನಿಂದ ಮುಗಿಯುವುವು ಅದರ ದಾಯಾದಿಗಳು, ಆಂಜಿಯೊಟೆನ್ಸಿನ್ನಿನ ಅಪ್ಪಣೆ ಕಿವಿಗೆ ಬೀಳದಂತೆ ಮಾಡುವುವು.

ಈ ಗ್ರಂಥಿರಸಗಳ ಸರಪಣಿಯ ನಡುವಿಗೇ ವೈರಾಣುವೊಂದು ಬಂದು ಕೈಹಾಕಿದುದು ನಮ್ಮ ಕಾಲದ ವಿಚಿತ್ರ. 2000ದಲ್ಲಿ ಎ.ಸಿ.ಇ.-2 ಎಂಬ ಇನ್ನೊಂದು ಕಿಣ್ವ ಪತ್ತೆಯಾಯಿತು. ಅದು ಅಣ್ಣನ ಕೆಲಸಕ್ಕೆ ವಿರುದ್ಧವಾಗಿ, ಆಂಜಿಯೊಟೆನ್ಸಿನ್ನಿನ ಹಲ್ಲು ಕಿತ್ತು ಸೌಮ್ಯಗೊಳಿಸುವಂಥದು. 2003ರಲ್ಲಿ ಸಾರ್ಸ್ ರೋಗದ ವೈರಾಣುವು ಜೀವಕೋಶದ ಮೇಲಿರುವ ಈ ಎ.ಸಿ.ಇ.-2ನ್ನೇ ಬಾಗಿಲಾಗಿ ಮಾಡಿಕೊಂಡು ಒಳನುಗ್ಗುತ್ತದೆಂದು ಕಂಡುಬಂತು. 2020ರಲ್ಲಿ ಬಂದ ಕೋವಿಡ್ ವೈರಾಣುವೂ ಅದೇ ಬಾಗಿಲನ್ನೇ ಹಿಡಿಯಿತು. ಒತ್ತಡದ ಮಾತ್ರೆಗಳಿಂದ ದೇಹದಲ್ಲಿ ಎ.ಸಿ.ಇ.-2 ಹೆಚ್ಚುವುದೆಂದು ಪ್ರಾಣಿಗಳ ಮೇಲಿನ ಕೆಲವು ಪ್ರಯೋಗಗಳು ಹೇಳಿದ್ದುವು. ಹಾಗಿದ್ದರೆ ಆ ಮಾತ್ರೆ ನುಂಗುವವರು ವೈರಾಣುವಿಗೆ ಬಾಗಿಲುಗಳನ್ನು ಹೆಚ್ಚಿಸಿಕೊಂಡಂತಾಯಿತಲ್ಲವೇ ಎಂಬ ಸಂದೇಹವನ್ನು 2020ರ ಮಾರ್ಚಿನಲ್ಲಿ ಕೆಲವು ವೈದ್ಯರು ಪ್ರಖ್ಯಾತ ವೈದ್ಯಪತ್ರಿಕೆಯೊಂದರಲ್ಲಿಯೇ ಬರೆದರು. ಸಂದೇಹವಾಗಿ ಹೊರಟದ್ದು ಮೊಬೈಲುಗಳ ಮೂಲಕ ಹರಿದು ಬರುವಷ್ಟರಲ್ಲಿ ಸಿದ್ಧಾಂತವಾಗಿ, ಸಿದ್ಧಾಂತವು ಭೀತಿಯಾಗಿ ಬಿಟ್ಟಿತು.

ಆ ದಿನಗಳನ್ನು ನಮ್ಮವರು ಮರೆತಿರಲಾರರು. ಮಾರ್ಚ್ 25ರಿಂದ ದೇಶವೇ ಮುಚ್ಚಿತು. ಹೋಟೆಲುಗಳ ಬಾಗಿಲು ಎಳೆಯಲ್ಪಟ್ಟಿತು. ಎಂಟು ಹತ್ತು ಮಂದಿ ಒಂದೇ ಕೋಣೆಯಲ್ಲಿ ಹಗಲಿರುಳು ಕಳೆಯುವಂತಾಯಿತು. ಊರಿಗೆ ಹೋಗೋಣವೆಂದರೆ ರೈಲಿಲ್ಲ, ಬಸ್ಸಿಲ್ಲ. ಮೇ ತಿಂಗಳಲ್ಲಿ ದಾರಿ ತೆರೆದಾಗ ಸಾವಿರಾರು ಮಂದಿ ಉಡುಪಿ, ಕುಂದಾಪುರಗಳ ಕಡೆಗೆ ಹೊರಟರು. ಮೇ 18ರಂದು ಕರ್ನಾಟಕ ಸರಕಾರವು ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯ ತನಕ ಪ್ರವೇಶ ಬೇಡವೆಂದಿತು. ಅಷ್ಟರೊಳಗೆ ಸೇರಿದವರು ಶಾಲೆಗಳಲ್ಲೂ ಹಾಸ್ಟೆಲುಗಳಲ್ಲೂ ಪ್ರತ್ಯೇಕವಾಸದಲ್ಲಿ ಕಾಲ ನೂಕಿದರು. ಜೂನ್ ಮೊದಲ ವಾರಗಳಲ್ಲಿ ಉಡುಪಿ ಜಿಲ್ಲೆಯ ಸಂಖ್ಯೆ ರಾಜ್ಯದಲ್ಲೇ ಮೇಲಕ್ಕೇರಿದಾಗ “ಮುಂಬಯಿಯವರು ತಂದದ್ದು” ಎಂಬ ಮಾತನ್ನು ಹುಟ್ಟಿದೂರಿನಲ್ಲೇ ಕೇಳಬೇಕಾಯಿತು. ಇಂಥ ಗೊಂದಲದಲ್ಲಿ ಮಾತ್ರೆಯ ಪಟ್ಟಿ ಮುಗಿದವರು ಎಷ್ಟೋ ಮಂದಿ. ಮುಗಿಯದಿದ್ದರೂ ಗಾಳಿಮಾತಿಗೆ ಹೆದರಿ ನಿಲ್ಲಿಸಿದವರೂ ನಮ್ಮ ಪರಿಚಯದವರಲ್ಲೇ ಇದ್ದರು. ವೈರಾಣು ಕಾಣುವ ಶತ್ರು. ಅದರ ಹೆಸರು ದಿನವೂ ಟೀವಿಯಲ್ಲಿ ಬರುತ್ತಿತ್ತು. ಒತ್ತಡ ಕಾಣದ ಶತ್ರು. ಒಂದರ ಭಯದಿಂದ ಇನ್ನೊಂದಕ್ಕೆ ಬಾಗಿಲು ತೆರೆದಿಟ್ಟಂತಾಯಿತು.

ಸಂದೇಹಕ್ಕೆ ಉತ್ತರ ಕೊಟ್ಟುದು ಬ್ರೆಜಿಲ್. ಯಾವ ನಾಡಿನ ಹಾವಿನಿಂದ ಔಷಧ ಹುಟ್ಟಿತೋ ಅದೇ ನಾಡು! ಕೋವಿಡಿನಿಂದ ಆಸ್ಪತ್ರೆ ಸೇರಿದ, ಈ ಮಾತ್ರೆಗಳನ್ನು ಮೊದಲಿನಿಂದ ಸೇವಿಸುತ್ತಿದ್ದ 659 ರೋಗಿಗಳನ್ನು ಅಲ್ಲಿನ ವೈದ್ಯರು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 30 ದಿನ ಮಾತ್ರೆ ನಿಲ್ಲಿಸಿದರು, ಇನ್ನೊಂದಕ್ಕೆ ಮುಂದುವರಿಸಿದರು. ಆ 30 ದಿನಗಳಲ್ಲಿ ಬದುಕಿ ಆಸ್ಪತ್ರೆಯ ಹೊರಗೆ ಕಳೆದ ದಿನಗಳ ಸರಾಸರಿ, ನಿಲ್ಲಿಸಿದವರಿಗೆ 21.9, ಮುಂದುವರಿಸಿದವರಿಗೆ 22.9. ಸತ್ತವರು ಎರಡೂ ಕಡೆ ಶೇಕಡ ಮೂರಕ್ಕಿಂತ ಕಡಿಮೆ, ಹೆಚ್ಚುಕಡಿಮೆ ಸಮ. ನಿಲ್ಲಿಸಿದ್ದರಿಂದ ಲಾಭವೇನೂ ಇಲ್ಲವೆಂಬುದು 2021ರ ಜನವರಿಯಲ್ಲಿ ಪ್ರಕಟವಾಯಿತು. ಬೇರೆ ದೇಶಗಳಲ್ಲಿ ನಡೆದ ಇನ್ನೊಂದು ಪರೀಕ್ಷೆಯೂ ಅದನ್ನೇ ಹೇಳಿತು. ಗಾಳಿಮಾತು ಒಂದು ವಾರದಲ್ಲಿ ಹಬ್ಬಿತ್ತು. ಲೆಕ್ಕ ಬರಲು ಹತ್ತು ತಿಂಗಳು ಹಿಡಿಯಿತು. ವಕೀಲರ ಕಾಲದಲ್ಲಿಯೂ ಈಗಲೂ ಅಳೆದು ಬರೆಯುವವನ ನಡಿಗೆ ನಿಧಾನದ್ದೇ.

ಕೋವಿಡ್ ತಗ್ಗಿದರೂ ಜ್ವರಗಳ ಕಾಲ ಮುಗಿದಿಲ್ಲ. ಮಳೆಗಾಲ ಬಂತೆಂದರೆ ಕೋಣೆಗೆ ಕೋಣೆಯೇ ಮಲಗುತ್ತದೆ. ಇನ್‌ಫ್ಲುಯೆಂಜ ತಗಲಿದ್ದು ಪರೀಕ್ಷೆಯಿಂದ ಖಚಿತವಾದ ಮೊದಲ ವಾರದಲ್ಲಿ ಹೃದಯಾಘಾತದ ಸಂಭವ ಸುಮಾರು ಆರು ಪಟ್ಟು ಏರುತ್ತದೆಂದು ಕೆನಡಾದ ಸಂಶೋಧಕರು 2018ರಲ್ಲಿ ತೋರಿಸಿದ್ದಾರೆ. ಅದೇ ವಾರದಲ್ಲಿ ನಮ್ಮವರು ಮಾಡುವುದೇನು? ಔಷಧದಂಗಡಿಯವನನ್ನು ಕೇಳಿ ನೆಗಡಿಯ ಮಾತ್ರೆ, ಮೈಕೈ ನೋವಿನ ಮಾತ್ರೆ ತಂದು ನುಂಗುವುದು, ಒತ್ತಡದ ಮಾತ್ರೆಯನ್ನು “ಈಗ ಬೇಡ” ಎಂದು ಬದಿಗಿಡುವುದು. ಮೂಗು ಕಟ್ಟಿದ್ದನ್ನು ಬಿಡಿಸುವ ಫಿನೈಲೆಫ್ರಿನ್ ಮೊದಲಾದುವು ರಕ್ತನಾಳಗಳನ್ನು ಬಿಗಿಗೊಳಿಸಿ ಒತ್ತಡವನ್ನು ಏರಿಸಬಲ್ಲವು. ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳು ಉಪ್ಪು ನೀರನ್ನು ಹಿಡಿದಿಟ್ಟು ಏರಿಸುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮೇಲೆಂದು ವೈದ್ಯರು ಹೇಳುವುದು ಇದಕ್ಕಾಗಿ. ವಾಂತಿಭೇದಿಯಿಂದ ದೇಹ ಒಣಗಿದಾಗ ‘ಪ್ರಿಲ್’, ‘ಸಾರ್ಟಾನ್’ಗಳನ್ನು ಒಂದೆರಡು ದಿನ ತಡೆಯಬೇಕಾಗುವುದೂ ಉಂಟು, ಆದರೆ ಆ ನಿರ್ಣಯ ವೈದ್ಯನದು, ಕೋಣೆಯ ಗೆಳೆಯನದಲ್ಲ.

ಪುನಃ ಮೊದಲಿನ ಪರೀಕ್ಷೆಗೆ ಬರೋಣ. ಅಮೇರಿಕದವರು ಎಲ್ಲರಿಗೂ ಒಳಿತೆಂದರು. ಪಾರ್ಲೆಯ ಸಪ್ಲೈಯರನಿಗೆ ಅದು ದಕ್ಕುವ ಬಗೆ ಹೇಗೆ? ಖಾಸಗಿ ಪ್ರಯೋಗಶಾಲೆಯಲ್ಲಿ ಎರಡೂ ರಸಗಳನ್ನು ಅಳೆಸಲು ಕೆಲವು ಸಾವಿರ ರೂಪಾಯಿ ಬೀಳುತ್ತದೆ. ತಿಂಗಳ ಸಂಬಳದ ಬಹುಭಾಗವನ್ನು ಊರಿಗೆ ಕಳಿಸುವವನು ಇದಕ್ಕೆ ಕೈಯೆತ್ತಲಾರ. ಆದುದರಿಂದ ಹೊಣೆ ಸಾರ್ವಜನಿಕ ಆಸ್ಪತ್ರೆಗಳ ಮೇಲೆಯೇ ಬೀಳುತ್ತದೆ. ಪಾರ್ಲೆಯಲ್ಲೇ ನಗರಪಾಲಿಕೆಯ ಕೂಪರ್ ಆಸ್ಪತ್ರೆಯಿದೆ. 2015ರಿಂದ ಅದಕ್ಕೆ ವೈದ್ಯಕೀಯ ಕಾಲೇಜೂ ಸೇರಿದೆ. 2022ರಿಂದ ಪಾಲಿಕೆಯು ‘ಆಪ್ಲಾ ದವಾಖಾನಾ’ಗಳನ್ನು ತೆರೆದು ಪುಕ್ಕಟೆ ತಪಾಸಣೆ, ಔಷಧ ಕೊಡುತ್ತಿದೆ. ದವಾಖಾನೆಯಲ್ಲಿ ಒತ್ತಡ ಕಂಡವನ ರಕ್ತವು ಈ ಪರೀಕ್ಷೆಗಾಗಿ ಕೂಪರಿಗೋ ಕೆ.ಇ.ಎಮ್ಮಿಗೋ ಹೋಗುವಂತೆ ಒಂದು ಏರ್ಪಾಡು ಆಗಬೇಕೆಂದು ನಾವು ಪಾಲಿಕೆಯನ್ನು ಒತ್ತಾಯಿಸುತ್ತೇವೆ. ಎಲ್ಲರಿಗೂ ಒಮ್ಮೆಲೇ ಸಾಧ್ಯವಿಲ್ಲವಾದರೆ, ಮೂರು ಮಾತ್ರೆಗಳಿಗೂ ಬಗ್ಗದವರಿಂದಲೂ 40 ವರ್ಷದೊಳಗೆ ಒತ್ತಡ ಬಂದವರಿಂದಲೂ ಆರಂಭಿಸಲಿ. ಪಾರ್ಶ್ವವಾಯು ಬಡಿದ ಒಬ್ಬನನ್ನು ತಿಂಗಳುಗಟ್ಟಲೆ ಸಾಕುವ ಖರ್ಚಿನ ಮುಂದೆ ಈ ಖರ್ಚು ಯಾವ ಲೆಕ್ಕ?

ಹೋಟೆಲು ಮಾಲಕರಿಗೂ ಹೇಳಬೇಕಾದುದಿದೆ. ಅವರು ನಮ್ಮ ಕುಲಬಾಂಧವರಾದುದರಿಂದ ಸಲಿಗೆಯಿಂದಲೇ ಹೇಳುವೆವು. ದೊಡ್ಡ ಆಸ್ಪತ್ರೆಗಳ ಹೊರರೋಗಿ ವಿಭಾಗ ನಡೆಯುವುದು ಬೆಳಗಿನ ಹೊತ್ತು. ನಮ್ಮಲ್ಲಿ ದೋಸೆಯ ಕಾವಲಿಗೆ ಉಸಿರಾಡಲು ಬಿಡುವಿಲ್ಲದ ಹೊತ್ತೂ ಅದೇ. ಸಂಬಳ ಕಡಿಯದೆ ವರ್ಷಕ್ಕೆ ಎರಡು ಬೆಳಗು ಬಿಡುವು ಕೊಡದಿದ್ದರೆ ಹುಡುಗನು ಆಸ್ಪತ್ರೆಗೆ ಹೋಗುವುದಾದರೂ ಎಂದು? ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಹೋಟೆಲಿಗೆ ಇ.ಎಸ್.ಐ. ಕಾನೂನು ಅನ್ವಯಿಸುತ್ತದೆ, 2017ರಲ್ಲಿ ಅದರ ಸಂಬಳದ ಮಿತಿಯನ್ನು 21,000 ರೂಪಾಯಿಗೆ ಏರಿಸಿದುದರಿಂದ ನಮ್ಮ ಕೆಲಸಗಾರರಲ್ಲಿ ಬಹುಪಾಲು ಅದರೊಳಗೆ ಬಂದರು. ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆಯುವ ಜಾಣರಿದ್ದಾರೆ. ಅವರ ಹೆಸರುಗಳನ್ನು ನಾವು ಇಲ್ಲಿ ಬರೆಯುವುದಿಲ್ಲ. ಅವರೂ ಈ ಪತ್ರಿಕೆಯನ್ನು ಓದುವವರೇ. ಒತ್ತಡ ಅಳೆಯುವ ಯಂತ್ರ ಗಲ್ಲೆಯ ಪಕ್ಕದಲ್ಲಿ ಒಂದು ಇರಲಿ. ಅದರ ಬೆಲೆ ಒಂದು ಒಳ್ಳೆಯ ಮಿಕ್ಸರಿಗಿಂತ ಕಡಿಮೆ.

ಪರೀಕ್ಷೆಗೆ ಹೋಗುವವರು ತಿಳಿದಿರಬೇಕಾದುದು ಇಷ್ಟು. ಬೆಳಿಗ್ಗೆ ಎದ್ದು ಎರಡು ಗಂಟೆಗಳಾದರೂ ಓಡಾಡಿದ ಮೇಲೆ ರಕ್ತ ಕೊಡುವುದು ಉತ್ತಮ; ಹೋಟೆಲಿನವರಿಗೆ ಇದು ಹೇಗೂ ಕಷ್ಟವಲ್ಲ. ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಜೊತೆಗೆ ಒಯ್ಯಬೇಕು, ಏಕೆಂದರೆ ಕೆಲವು ಮಾತ್ರೆಗಳು ಫಲಿತಾಂಶವನ್ನು ಏರುಪೇರು ಮಾಡುತ್ತವೆ. ಅವುಗಳಲ್ಲಿ ಯಾವುದನ್ನಾದರೂ ಕೆಲವು ವಾರ ಬದಲಿಸಬೇಕಾದರೆ ವೈದ್ಯರೇ ಬರೆದುಕೊಡುವರು. ಅವರು ಬರೆದುಕೊಡುವ ತನಕ ಹಿಂದಿನ ಮಾತ್ರೆ ಹಿಂದಿನ ಹೊತ್ತಿಗೇ ನಡೆಯತಕ್ಕದ್ದು.